ಮಾತು ಬಾರದ ಮಗುವಿಗೂ ಹೇಳಲಿಕ್ಕಿದೆ

ಮಗುವಿಗೆ ಹೊಟ್ಟೆನೋವು. ಹೇಳಲು ಮಾತು ಬಾರದು. ಅಳುತ್ತದೆ, ತಲೆ ಚಚ್ಚಿಕೊಳ್ಳುತ್ತದೆ. ನಾವು ಅದನ್ನು 'ಹಠ' ಅಂತೇವೆ. ಸೆರೆಬ್ರಲ್ ಪಾಲ್ಸಿ, ಆಟಿಸಂ ಇರುವ ಎಷ್ಟೋ ಮಕ್ಕಳ ಪಾಡು ಇದು.

ಇಂಥ ಮಕ್ಕಳಿಗಾಗಿ, ಚಿತ್ರ ಮುಟ್ಟಿದರೆ ಮಾತಾಡುವ ಮೊಬೈಲ್ ಆ್ಯಪ್‌ಗಳಿವೆ. ಚೆನ್ನೈಯಲ್ಲಿ ತಯಾರಾದ 'ಆವಾಜ್', ಮುಂಬಯಿ ಐಐಟಿಯ ಉಚಿತ 'ಜೆಲ್ಲೋ' ಅಂಥವು. ಆದರೆ ಆ್ಯಪ್ ಹಾಕಿಕೊಟ್ಟರೆ ಸಾಲದು, ಕಲಿಸಬೇಕಾದವರು ಮನೆಯವರೇ.

"ಮೊಬೈಲ್ ಕೊಟ್ರೆ ಬರೋ ಮಾತೂ ಬರಲ್ಲ" ಅಂತ ಅಕ್ಕಪಕ್ಕದವರು ಹೇಳ್ತಾರೆ. ಇದು ತಪ್ಪು. ಚಿತ್ರದ ಮಾತು ಬಾಯಿಮಾತನ್ನು ತಡೆಯುವುದಿಲ್ಲವೆಂದು ಅಧ್ಯಯನಗಳು ತೋರಿಸಿವೆ. ಕೆಲವು ಮಕ್ಕಳಲ್ಲಿ ಬಾಯಿಮಾತು ಹೆಚ್ಚಿದ್ದೂ ಉಂಟು.

ನಾವು ಏನು ಮಾಡಬೇಕು?

1. ಮೊದಲು ನಾವೇ ಬಳಸೋಣ. "ಊಟ ಮಾಡೋಣ" ಅನ್ನುವಾಗ ಊಟದ ಚಿತ್ರ ಮುಟ್ಟಿ ತೋರಿಸೋಣ. ಕೂಸು ಕೇಳಿ ಕೇಳಿ ತಾನೇ ಮಾತು ಕಲಿಯೋದು? ಇದೂ ಹಾಗೆಯೇ.

2. ಕಾಯೋಣ. ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಹತ್ತು ಎಣಿಸೋಣ. ಕೈಹಿಡಿದು ಒತ್ತಿಸುವುದು ಬೇಡ.

3. 'ನೀರು', 'ಬಿಸ್ಕತ್ತು' ಮಾತ್ರ ಸಾಲದು. 'ನೋವು', 'ಬೇಡ', 'ಮುಟ್ಟಬೇಡ' ಕೂಡ ಇರಲಿ. ಈ ಮಾತುಗಳೇ ಮಗುವಿಗೆ ರಕ್ಷಣೆ.

4. ತಪ್ಪು ಮಾಡಿತೆಂದು ಅದನ್ನು ಕಸಿದುಕೊಳ್ಳುವುದು ಬೇಡ. ಅದು ಮಗುವಿನ ಬಾಯಿ.

5. ಮೊಬೈಲ್ ಇಲ್ಲದವರು, ಕರೆಂಟು ಹೋದಾಗ ಉಳಿದವರೂ, ರಟ್ಟಿನ ಮೇಲೆ ಚಿತ್ರ ಅಂಟಿಸಿಕೊಂಡರೆ ಸಾಕು.

ಯಾವುದು ಸರಿಹೊಂದುತ್ತದೆಂದು ವಾಕ್ ತಜ್ಞರು ಹೇಳಬಲ್ಲರು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಈ ಕ್ಷೇತ್ರದಲ್ಲಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇಂಥ ವಿಧಾನವನ್ನೂ 'ಸಂವಹನ' ಎಂದೇ ಗುರುತಿಸಿದೆ. ಶಾಲೆಯಲ್ಲಿ ಧೈರ್ಯವಾಗಿ ಕೇಳೋಣ.

ನಮ್ಮ ಸಂಘದಲ್ಲಿ ಇಂಥ ತಾಯಿಯಿದ್ದರೆ, ಮುಂದಿನ ಸಭೆಗೆ ಮಗುವನ್ನೂ ಕರೆತರಲು ಹೇಳೋಣ. ಎಲ್ಲರೂ ಚಿತ್ರ ಮುಟ್ಟಿ ಅದರೊಂದಿಗೆ ಮಾತಾಡೋಣ.