ಸಂಶೋಧಕರ ಜೊತೆ ಕೂರುವ ಪಾಠ: ಉಳವಿಯ ಒಂದು ಅನುಭವ

ಅಭ್ಯಾಸ ಬೋಧನೆಯ ಸಮುದಾಯ ಚಟುವಟಿಕೆಗಾಗಿ ನಾನು ಆರಿಸಿಕೊಂಡ ಊರು ಜೋಯಿಡಾ ತಾಲ್ಲೂಕಿನ ಉಳವಿ. ಚನ್ನಬಸವಣ್ಣನವರ ಸಮಾಧಿಯಿರುವ ಈ ಕ್ಷೇತ್ರದ ಸುತ್ತಲಿನ ಹಳ್ಳಿಗಳಲ್ಲಿ ಕುಣಬಿಗಳು ತಲೆತಲಾಂತರದಿಂದ ಗೆಡ್ಡೆಗೆಣಸು ಬೆಳೆಯುತ್ತ ಬಂದಿದ್ದಾರೆ. ಗಿಡ, ಬೇರು, ಬೀಜಗಳ ಅಧ್ಯಯನಕ್ಕೆ ಹೊರಗಿನವರು ಬಂದಾಗ ಊರವರು ಅವರೊಂದಿಗೆ ಸರಿಸಮನಾಗಿ ಕೂತು ಕೆಲಸ ಮಾಡುವಂತೆ ಸಿದ್ಧಗೊಳಿಸುವುದು ಪಾಠದ ಉದ್ದೇಶ.

ಮೊದಲ ದಿನ ಪಾಠ ಸೋತಿತು. ‘ಸಂಶೋಧನೆ ಎಂದರೇನು?’ ಎಂದು ಹಲಗೆಯ ಮೇಲೆ ಬರೆದು ವ್ಯಾಖ್ಯೆ ಕೊಟ್ಟೆ. ಎಲ್ಲರೂ ಸುಮ್ಮನೆ ಕೇಳಿದರು. ಕೊನೆಗೆ ಒಬ್ಬ ಅಜ್ಜಿ ಕೊಂಕಣಿಯಲ್ಲಿ ಏನೋ ಅಂದರು. ಪಕ್ಕದ ಹುಡುಗ ಕನ್ನಡದಲ್ಲಿ ಹೇಳಿದ: “ಅಕ್ಕೋರೇ, ಹಿಂದೆ ಬಂದವರೂ ಬರಕೊಂಡು ಹೋದರಂತೆ. ಏನು ಬರೆದರು ಅಂತ ಯಾರೂ ಬಂದು ಓದಿ ಹೇಳಲಿಲ್ಲವಂತೆ.”

ಎರಡನೆಯ ದಿನ ಬಿದಿರಿನ ಕಥೆಯಿಂದ ಆರಂಭಿಸಿದೆ. ವಿಜ್ಞಾನಿ ಮಾಧವ ಗಾಡ್ಗೀಳ್ ಅವರು 1970ರ ದಶಕದಲ್ಲಿ ನಮ್ಮದೇ ಜಿಲ್ಲೆಯಲ್ಲಿ ಬಿದಿರಿನ ಅಧ್ಯಯನ ಕೈಗೊಂಡರು. ಮೆಳೆಯ ಬುಡದ ಮುಳ್ಳು ಸವರಿದರೆ ಬಿದಿರು ಚೆನ್ನಾಗಿ ಬೆಳೆಯುತ್ತದೆಂಬುದು ಕಡಿಸುವವರ ನಂಬಿಕೆಯಾಗಿತ್ತು. ಮುಳ್ಳು ಹೋದರೆ ಎಳೆ ಕಳಲೆಯನ್ನು ದನ, ಕಾಡುಪ್ರಾಣಿಗಳು ತಿನ್ನುತ್ತವೆ ಎಂದು ಹಳ್ಳಿಗರು ಹೇಳಿದರು. ಪರೀಕ್ಷಿಸಿ ನೋಡಿದಾಗ ಹಳ್ಳಿಗರ ಮಾತೇ ನಿಜವಾಯಿತು. “ಹಾಗಾದರೆ ಇಲ್ಲಿ ಸಂಶೋಧನೆ ಮಾಡಿದವರು ಯಾರು?” ಎಂದು ಕೇಳಿದೆ. “ಇಬ್ಬರೂ” ಎಂದರು. ನಿನ್ನೆ ನಾನು ಕೊಡಲಾಗದ ವ್ಯಾಖ್ಯೆ ಅವರಿಂದಲೇ ಬಂತು.

ಮುಂದಿನದು ಚಟುವಟಿಕೆ. ಅವರೇ ತಂದ ಮುಡ್ಲಿ, ಕೋನ ಗೆಡ್ಡೆಗಳನ್ನು ಚಾಪೆಯ ಮೇಲಿಟ್ಟು, ಹಾಳೆಯಲ್ಲಿ ಮೂರು ಕಾಲಂ ಎಳೆಸಿದೆ: ‘ನಾನು ಕಂಡದ್ದು’, ‘ಹಿರಿಯರಿಂದ ಕೇಳಿದ್ದು’, ‘ನನ್ನ ಊಹೆ’. ಹೆಸರುಗಳನ್ನು ಅವರಾಡುವಂತೆಯೇ ಕನ್ನಡ ಲಿಪಿಯಲ್ಲಿ ಬರೆದೆವು. ಬರಹ ಬಾರದವರು ಹೇಳಿದರು. ಶಾಲೆಯ ಮಕ್ಕಳು ಬರೆದು, ಓದಿ ಹೇಳಿದರು. ಅಜ್ಜಿ ಎರಡು ಕಡೆ ತಿದ್ದಿಸಿದರು.

ಕೊನೆಯ ಭಾಗ ಹಕ್ಕಿನದು. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ರಚಿಸಬೇಕು. ಊರವರೊಂದಿಗೆ ಸಮಾಲೋಚಿಸಿ ‘ಜನತಾ ಜೀವವೈವಿಧ್ಯ ದಾಖಲಾತಿ’ ಸಿದ್ಧಪಡಿಸುವುದೇ ಅದರ ಮುಖ್ಯ ಕೆಲಸವೆಂದು 2004ರ ನಿಯಮಗಳು ಹೇಳಿದವು. ಅಂದರೆ ಊರವರ ತಿಳಿವಳಿಕೆಗೆ ಕಾನೂನಿನಲ್ಲೂ ಬೆಲೆಯಿದೆ. ಇದನ್ನು ವಿವರಿಸಿ, ಸಂಶೋಧಕರು ಬಂದಾಗ ಮೊದಲು ಕೇಳಬೇಕಾದ ನಾಲ್ಕು ಪ್ರಶ್ನೆಗಳನ್ನು ಪಾತ್ರಾಭಿನಯದಲ್ಲಿ ಅಭ್ಯಾಸ ಮಾಡಿದೆವು. ಈ ಮಾಹಿತಿ ಯಾತಕ್ಕೆ? ಬರೆದದ್ದು ಯಾರ ಬಳಿ ಇರುತ್ತದೆ? ನಮ್ಮ ಹೆಸರು ಬರುತ್ತದೆಯೇ? ಮರಳಿ ಬಂದು ಓದಿ ಹೇಳುತ್ತೀರಾ?

ಸಂಶೋಧಕಿಯ ಪಾತ್ರ ನನ್ನದು. ಔಷಧಿಯ ಬೇರೊಂದರ ಬಗ್ಗೆ ಕೇಳಿದೆ. ಅಜ್ಜಿ ನಾಲ್ಕೂ ಪ್ರಶ್ನೆ ಕೇಳಿಸಿ, ನನ್ನ ಉತ್ತರ ಕೇಳಿಕೊಂಡು, “ಅದನ್ನು ಹೇಳುವುದಿಲ್ಲ” ಎಂದರು. ನನ್ನ ಮೌಲ್ಯಮಾಪನ ಪಟ್ಟಿಯಲ್ಲಿ ಆ ಉತ್ತರಕ್ಕೆ ಅಂಕವೇ ಇರಲಿಲ್ಲ. ಅಂದು ಪಾಠವನ್ನು ಪೂರ್ತಿ ಕಲಿತವರು ಅವರೊಬ್ಬರೇ ಎಂದು ಈಗ ಅನ್ನಿಸುತ್ತದೆ.

ಸಹಪಾಠಿಗಳಿಗೆ ಒಂದು ಮಾತು. ಇಂಥ ಪಾಠ ಯೋಜನೆಯಲ್ಲಿ ಊರಿಗೆ ಮರಳಿ ಹೋಗುವ ದಿನವನ್ನೂ ಬರೆದುಕೊಳ್ಳಿ. ನಾನು ಬರೆದಿರಲಿಲ್ಲ. ಹಾಳೆಗಳ ಒಂದು ಪ್ರತಿಯನ್ನು ಊರಲ್ಲೇ ಬಿಟ್ಟು, ಓದಿ ಹೇಳಲು ಬರುವ ದಿನವನ್ನು ಅಜ್ಜಿಯಿಂದಲೇ ಗೊತ್ತುಮಾಡಿಸಿಕೊಂಡು ಬಂದೆ.