ಬಣ್ಣ ಬಳಿಯುವವನ ಹಗ್ಗ

ನವರಾತ್ರಿ ಸಮೀಪಿಸಿತೆಂದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಪೇಟೆಗಳಲ್ಲಿ ಸುಣ್ಣ-ಬಣ್ಣದ ಕೆಲಸವು ಭರದಿಂದ ಸಾಗುತ್ತದೆ. ಇಂತಹ ಒಂದು ದಿನ ಕಾಲೇಜಿಗೆ ಹೋಗುತ್ತಿದ್ದವನು ಒಂದು ಅಂಗಡಿಯ ಮುಂದೆ ನಿಂತೆನು. ಸುಮಾರು 3 ಮೀಟರು ಎತ್ತರದ ಸಾರವೆಯ ಹಲಗೆಯ ಮೇಲೆ ಒಬ್ಬ ತರುಣನು ಬಣ್ಣ ಬಳಿಯುತ್ತಿದ್ದನು. ಸೊಂಟಕ್ಕೆ ಬಿಗಿದ ಹಗ್ಗದ ಇನ್ನೊಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿದ್ದನು. "ಹಗ್ಗ ಗಟ್ಟಿ ಐತ್ರೀ ಸರ, ಹರಿಯೂದಿಲ್ಲ" ಎಂದನು. ಹಗ್ಗವೇನೋ ಗಟ್ಟಿಯಾಗಿಯೇ ಇತ್ತು. ಆದರೆ ಗಟ್ಟಿತನವೊಂದೇ ಸಾಲದು. ಏಕೆಂಬುದನ್ನು ವಿಚಾರಿಸೋಣ.

ಭೂಮಿಯ ಆಕರ್ಷಣೆಯಿಂದ ಬೀಳುವ ವಸ್ತುವಿನ ವೇಗವು ಪ್ರತಿ ಸೆಕೆಂಡಿಗೆ 9.8 ಮೀಟರಿನಂತೆ ಏರುತ್ತದೆ. 6 ಮೀಟರು ಎತ್ತರದಿಂದ ಬಿದ್ದವನು ನೆಲ ಮುಟ್ಟಲು ಬೇಕಾಗುವ ಕಾಲ ಸುಮಾರು 1.1 ಸೆಕೆಂಡು, ಆಗ ಅವನ ವೇಗ ಗಂಟೆಗೆ 39 ಕಿಲೋಮೀಟರು. ಕೈಚಾಚಿ ಏನನ್ನಾದರೂ ಹಿಡಿದುಕೊಳ್ಳುವೆನೆಂದರೆ ಅದಕ್ಕೆ ಅವಕಾಶವೇ ಇಲ್ಲ.

ಇನ್ನು ಹಗ್ಗದ ಮಾತು. 70 ಕಿಲೋಗ್ರಾಂ ತೂಕದವನು 1.8 ಮೀಟರು, ಎಂದರೆ ಸುಮಾರು ನಾಲ್ಕು ಮೊಳ, ಬಿದ್ದ ಮೇಲೆ ಹಗ್ಗ ಬಿಗಿಯಾಯಿತೆನ್ನಿ. ಬೀಳುವಾಗ ಗಳಿಸಿದ ಶಕ್ತಿಯೆಲ್ಲವೂ ಹಗ್ಗ ಹಿಗ್ಗುವಷ್ಟು ದೂರದಲ್ಲಿಯೇ ವ್ಯಯವಾಗಬೇಕು. ಹಗ್ಗವು 10 ಸೆಂಟಿಮೀಟರು ಮಾತ್ರ ಹಿಗ್ಗಿದರೆ, ಅವನನ್ನು ತಡೆಯುವ ಸರಾಸರಿ ಬಲವು ಅವನ ತೂಕದ 19 ಪಟ್ಟು, ಅಂದರೆ 1,330 ಕಿಲೋಗ್ರಾಂ ಭಾರಕ್ಕೆ ಸಮ! ಗರಿಷ್ಠ ಬಲವು ಇದಕ್ಕಿಂತಲೂ ಹೆಚ್ಚು. ಇದೆಲ್ಲವೂ ಸೊಂಟದ ಮೇಲೆಯೇ ಬಿದ್ದರೆ ಬೆನ್ನೆಲುಬಿನ ಮತ್ತು ಉದರದ ಗತಿಯೇನು? ಕಿಟಕಿಯ ಸರಳಾದರೂ ಇಷ್ಟನ್ನು ತಡೆದೀತೇ?

ಇದಕ್ಕೆ ಪರಿಹಾರವೂ ಅದೇ ನಿಯಮದಲ್ಲಿದೆ: ತಡೆಯುವ ದೂರವನ್ನು ಹೆಚ್ಚಿಸಬೇಕು. ತೊಡೆ, ಎದೆ, ಭುಜಗಳನ್ನು ಸುತ್ತುವರಿಯುವ ರಕ್ಷಾಪಟ್ಟಿಯು ಬಲವನ್ನು ಮೈಗೆಲ್ಲ ಹಂಚುತ್ತದೆ. ಅದರ ಹಗ್ಗದಲ್ಲಿ ಮಡಚಿ ಹೊಲಿದ ಪಟ್ಟಿಯೊಂದಿರುತ್ತದೆ; ಜಗ್ಗಿದಾಗ ಅದರ ಹೊಲಿಗೆಗಳು ಒಂದೊಂದಾಗಿ ಬಿಚ್ಚಿಕೊಂಡು ಶಕ್ತಿಯನ್ನು ಹೀರುತ್ತವೆ. ಪಟ್ಟಿಯು 1 ಮೀಟರು ಬಿಚ್ಚಿಕೊಂಡರೆ ಸರಾಸರಿ ಬಲವು 2.8 ಪಟ್ಟಿಗೆ, ಅಂದರೆ 196 ಕಿಲೋಗ್ರಾಂ ಭಾರಕ್ಕೆ ಇಳಿಯುತ್ತದೆ. ಭಾರತದಲ್ಲಿ ಇಂತಹ ಪಟ್ಟಿಗಳಿಗೆ ಐ.ಎಸ್. 3521 ಎಂಬ ಮಾನಕವುಂಟು.

ಆದರೆ ಪಟ್ಟಿ ತೊಟ್ಟ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಹಗ್ಗದ ಉದ್ದ 1.8 ಮೀಟರು, ಬಿಚ್ಚಿಕೊಳ್ಳುವ ಪಟ್ಟಿ 1, ಬೆನ್ನಿನ ಕೊಕ್ಕೆಯಿಂದ ಪಾದದವರೆಗೆ 1.5, ಸುರಕ್ಷಿತ ಅಂತರ 1, ಒಟ್ಟು 5.3 ಮೀಟರು. ಹಗ್ಗ ಕಟ್ಟಿದ ಸ್ಥಳದ ಕೆಳಗೆ ಇಷ್ಟು ತೆರವು ಬೇಕು. ನಮ್ಮ ತರುಣನು ಎದೆಯ ಮಟ್ಟದಲ್ಲಿ ಕಟ್ಟಿದ್ದರೆ ಅಲ್ಲಿಂದ ನೆಲಕ್ಕೆ ಇರುವುದು 4.5 ಮೀಟರು ಮಾತ್ರ! ಆದುದರಿಂದ ಕಡಿಮೆ ಎತ್ತರದಲ್ಲಿ ಗಟ್ಟಿಯಾದ ಕಟಕಟೆ, ಸಂದಿಲ್ಲದೆ ಜೋಡಿಸಿದ ಹಲಗೆಗಳೇ ಮುಖ್ಯ ರಕ್ಷಣೆ. ಹೆಚ್ಚು ಎತ್ತರದಲ್ಲಿ ಹಗ್ಗವನ್ನು ತಲೆಯ ಮೇಲ್ಗಡೆ ಕಟ್ಟಬೇಕು. ಆಗ ಬೀಳುವ ದೂರವೇ ಕಡಿಮೆಯಾಗುತ್ತದೆ. ಅಮೆರಿಕದ ನಿಯಮದಂತೆ ಕಟ್ಟುವ ಸ್ಥಳವು ಒಬ್ಬೊಬ್ಬನಿಗೂ ಸುಮಾರು 2,270 ಕಿಲೋಗ್ರಾಂ ಭಾರವನ್ನು ತಡೆಯಬೇಕು. ನೀರಿನ ನಳಿಗೆ, ಕೈಪಿಡಿ ಗೋಡೆಯ ಇಟ್ಟಿಗೆಗಳಿಗೆ ಆ ಯೋಗ್ಯತೆಯಿಲ್ಲ.

ಹೀಗಿರುವುದರಿಂದ ಯೋಜನೆಯು ಕುಂಚ ಹಿಡಿಯುವ ಮೊದಲೇ ಸಿದ್ಧವಾಗಬೇಕು. ಉದ್ದನೆಯ ಹಿಡಿಯ ರೋಲರಿನಿಂದ ನೆಲದಲ್ಲಿಯೇ ನಿಂತು ಎಷ್ಟು ಗೋಡೆಯನ್ನು ಮುಗಿಸಬಹುದು? ಏಣಿಯು 4 ಮೀಟರು ಎತ್ತರಕ್ಕೆ ಬುಡದಲ್ಲಿ 1 ಮೀಟರು ದೂರವಿದೆಯೇ? ವಿದ್ಯುತ್ ತಂತಿಗಳು ಹತ್ತಿರವಿವೆಯೇ? ಸವದತ್ತಿಯ ಗುಡ್ಡದಂತಹ ತೆರೆದ ಎತ್ತರದಲ್ಲಿ ಗಾಳಿಯ ಲೆಕ್ಕವೂ ಬೇಕು: ಅದರ ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಬಿದ್ದು ತೂಗಾಡುವವನನ್ನು ಇಳಿಸುವವರು ಯಾರೆಂಬುದೂ ಮೊದಲೇ ನಿಶ್ಚಯವಾಗಿರಬೇಕು; ಪಟ್ಟಿಯಲ್ಲಿ ಅಲುಗಾಡದೆ ನೇತಾಡುವುದು ಕೆಲವೇ ನಿಮಿಷಗಳಲ್ಲಿ ಅಪಾಯಕ್ಕೆ ತಿರುಗಬಹುದು.

ಈ ಲೆಕ್ಕವನ್ನು ಆ ದಿನ ಸೀಮೆಸುಣ್ಣದಿಂದ ಅಂಗಡಿಯ ಕಟ್ಟೆಯ ಮೇಲೆ ಬರೆದು ತೋರಿಸಿದೆನು. ತರುಣನು ಮೌನವಾಗಿ ನೋಡಿದನು. ಮೇಸ್ತ್ರಿಯು, "ಎಲ್ಲಾ ಖರೇ ಐತ್ರೀ. ಇದರ ಖರ್ಚು ಯಾರು ಕೊಡತಾರ?" ಎಂದು ಕೇಳಿದನು. ಇದು ನ್ಯಾಯವಾದ ಪ್ರಶ್ನೆ. ಡಬ್ಬಿಗಳ ಬೆಲೆಯನ್ನೂ ದಿನಗೂಲಿಯನ್ನೂ ಲೆಕ್ಕ ಹಾಕುವ ಮಾಲೀಕನು ಕಟಕಟೆ, ಪಟ್ಟಿಗಳ ವೆಚ್ಚವನ್ನೂ ಅದೇ ಪಟ್ಟಿಯಲ್ಲಿ ಬರೆಯಬೇಕು. ಈ ಹಬ್ಬಕ್ಕೆ ನಿಮ್ಮ ಮನೆಗೆ ಬಣ್ಣ ಬಳಿಸುವುದಾದರೆ, ಹಗ್ಗವನ್ನು ಎಲ್ಲಿಗೆ ಕಟ್ಟಿದ್ದಾರೆಂಬುದನ್ನು ವಿದ್ಯಾರ್ಥಿಗಳಾದ ನೀವೇ ಮೊದಲು ನೋಡಿರಿ.