ಜನರೇಟರೂ ಸೂಕ್ಷ್ಮ ಯಂತ್ರಗಳೂ

ಮಲೆನಾಡಿನಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ ಮರಗಳು ಮುರಿದು ತಂತಿಗಳ ಮೇಲೆ ಬೀಳುವುದು, ಕಂಬಗಳು ಒರಗುವುದು, ಊರಿಗೆ ಊರೇ ಕತ್ತಲಲ್ಲಿ ಮುಳುಗುವುದು ವರ್ಷವರ್ಷದ ಸಂಗತಿ. ಅಂಥ ವೇಳೆಯಲ್ಲಿ ಅಂಗಡಿಯ ಹಿಂದೆಯೋ ಆಸ್ಪತ್ರೆಯ ಹಿತ್ತಿಲಲ್ಲೋ ಗುಡುಗುಟ್ಟುತ್ತ ಓಡುವ ಪುಟ್ಟ ಜನರೇಟರು ಜನರಿಗೆ ದೊಡ್ಡ ಆಸರೆ. ದೀಪ ಹೊತ್ತಿತು, ಪಂಖ ತಿರುಗಿತು ಎಂಬ ಸಂತೋಷದಲ್ಲಿ ಕಂಪ್ಯೂಟರನ್ನೂ ಅದಕ್ಕೇ ಜೋಡಿಸಿಬಿಡುತ್ತಾರೆ. ಕೆಲವು ವೇಳೆ ಏನೂ ಆಗುವುದಿಲ್ಲ. ಕೆಲವು ವೇಳೆ ಸುಟ್ಟ ವಾಸನೆ ಬಂದು, ವರ್ಷಗಟ್ಟಲೆ ಕೂಡಿಟ್ಟ ಲೆಕ್ಕಪತ್ರಗಳೊಡನೆ ಯಂತ್ರವೂ ಹಾಳಾಗುತ್ತದೆ. ಮನೆಗೆ ಬರುವ ವಿದ್ಯುತ್ತಿನಿಂದ ಆಗದ ಹಾನಿ ಜನರೇಟರಿನ ವಿದ್ಯುತ್ತಿನಿಂದ ಏಕೆ ಆಗಬೇಕು?

ಎರಡೂ ಹುಟ್ಟುವ ಬಗೆ ಒಂದೇ. ತಂತಿಯ ಸುರುಳಿಯ ಬಳಿ ಅಯಸ್ಕಾಂತವು ಚಲಿಸಿದರೆ ಸುರುಳಿಯಲ್ಲಿ ವಿದ್ಯುತ್ತು ಹರಿಯುವುದೆಂದು ಮೈಕೇಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡನು. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನ ಬಲದಿಂದ ವಿದ್ಯುತ್ತನ್ನು ಪಡೆದು ಕೋಲಾರದ ಚಿನ್ನದ ಗಣಿಗಳಿಗೆ ಕಳುಹಿಸಿದುದು ಇದೇ ತತ್ತ್ವದ ಆಧಾರದ ಮೇಲೆ. ಅಲ್ಲಿ ನೀರು ಮಾಡಿದ ಕೆಲಸವನ್ನು ಇಲ್ಲಿ ಪೆಟ್ರೋಲು ಅಥವಾ ಡೀಸೆಲ್ ಎಂಜಿನ್ನು ಮಾಡುತ್ತದೆ.

ಭೇದವಿರುವುದು ಬಲದಲ್ಲಿ. ಇಂದು ದೇಶದ ವಿದ್ಯುದಾಗಾರಗಳೆಲ್ಲ ಒಂದೇ ಜಾಲದಲ್ಲಿ ಕೂಡಿಕೊಂಡಿವೆ. ಯಾರೋ ಒಬ್ಬರು ತಮ್ಮ ಪಂಪುಸೆಟ್ಟನ್ನು ಹಾಕಿದರೆ ಆ ಮಹಾಜಾಲಕ್ಕೆ ಅದು ಗಮನಕ್ಕೂ ಬಾರದು. ಪುಟ್ಟ ಜನರೇಟರಾದರೋ ಗಾಡಿಗೆ ಕಟ್ಟಿದ ಒಂಟಿ ಎತ್ತಿನಂತೆ. ಹೊರೆ ಏರಿದೊಡನೆ ಅದರ ಹೆಜ್ಜೆ ಕುಸಿಯುತ್ತದೆ. ಹೊರೆಯನ್ನು ಥಟ್ಟನೆ ಇಳಿಸಿದರೆ ಮುನ್ನುಗ್ಗುತ್ತದೆ. ನಮ್ಮ ದೇಶದ ಮನೆಗಳಿಗೆ ಒದಗುವ ಪರ್ಯಾಯ ವಿದ್ಯುತ್ತಿನ ಒತ್ತಡ 230 ವೋಲ್ಟು, ಆವೃತ್ತಿ ಸೆಕೆಂಡಿಗೆ 50. ಸಾಮಾನ್ಯವಾದ ಎರಡು ಧ್ರುವಗಳ ಜನರೇಟರು ಒಂದು ಸುತ್ತು ತಿರುಗಿದರೆ ಒಂದು ಆವರ್ತ ಆಗುತ್ತದೆ. ಆದುದರಿಂದ ಸೆಕೆಂಡಿಗೆ 50 ಸುತ್ತು, ಅಂದರೆ ಮಿನಿಟಿಗೆ 3000 ಸುತ್ತು ತಪ್ಪದೆ ತಿರುಗಿದರೆ ಮಾತ್ರ ಆವೃತ್ತಿ ಸರಿಯಾಗಿರುತ್ತದೆ. ಎಂಜಿನ್ನಿನ ವೇಗವನ್ನು ಕಾಯುವ ಗವರ್ನರು ಇದೆ, ನಿಜ. ಆದರೆ ಅದು ಎಚ್ಚೆತ್ತು ಇಂಧನವನ್ನು ಹೆಚ್ಚುಕಡಿಮೆ ಮಾಡಲು ಕ್ಷಣಕಾಲ ಬೇಕು. ಕೇಡು ಆಗುವುದು ಆ ಕ್ಷಣದಲ್ಲಿಯೇ.

ಹಳೆಯ ತಂತಿದೀಪವು ಇದನ್ನು ಮುಚ್ಚಿಡುತ್ತಿರಲಿಲ್ಲ. ಒತ್ತಡ ಇಳಿದರೆ ಕೆಂಪಗೆ ಮಂಕಾಗಿ, ಏರಿದರೆ ಕಣ್ಣು ಕೋರೈಸುವಂತೆ ಉರಿದು ಎಚ್ಚರಿಸುತ್ತಿತ್ತು. ಈಗಿನ ಎಲ್‌ಇಡಿ ದೀಪಗಳು ಬಹುಮಟ್ಟಿಗೆ ಒಂದೇ ಸಮನಾಗಿ ಬೆಳಗುವುದರಿಂದ ಆ ಸೂಚನೆಯೂ ತಪ್ಪಿಹೋಗಿದೆ. ಕಂಪ್ಯೂಟರಿನ ಒಳಗಿನ ಭಾಗಗಳು ಕೆಲಸ ಮಾಡುವುದು 12 ವೋಲ್ಟು, 5 ವೋಲ್ಟು, ಅದಕ್ಕೂ ಕಡಿಮೆಯಾದ ನೇರ ವಿದ್ಯುತ್ತಿನಿಂದ. ಹೊರಗಿನ 230 ವೋಲ್ಟನ್ನು ಹಾಗೆ ಪಳಗಿಸಿ ಕೊಡುವ ಭಾಗವೊಂದು ಅದರಲ್ಲಿರುತ್ತದೆ. ಒತ್ತಡವು ಮಿತಿಮೀರಿ ಏರಿದಾಗ ಮೊದಲು ಪೆಟ್ಟು ತಿನ್ನುವುದು ಆ ಭಾಗವೇ. ಒತ್ತಡ ಸರಿಯಿದ್ದರೂ ಅಗ್ಗದ ಜನರೇಟರಿನ ವಿದ್ಯುತ್ತಿನ ಅಲೆ ನಯವಾಗಿರದೆ ಸೊಟ್ಟಗಿರುವುದುಂಟು. ಇಂಥ ವಿದ್ಯುತ್ತನ್ನು ಯುಪಿಎಸ್ ಎಷ್ಟೋ ವೇಳೆ ಒಪ್ಪಿಕೊಳ್ಳದೆ ತನ್ನ ಬ್ಯಾಟರಿಯನ್ನೇ ಬಳಸತೊಡಗುತ್ತದೆ. ಯುಪಿಎಸ್ ಕೆಟ್ಟಿತೆಂದು ಜನ ಅದನ್ನು ದೂರುತ್ತಾರೆ. ಪಾಪ, ಅದು ತನ್ನ ಕಾವಲನ್ನು ಮಾಡುತ್ತಿರುತ್ತದೆ.

ಈ ತೊಡಕಿಗೆ ಪರಿಹಾರವಾಗಿ ಬಂದುದು ಇನ್ವರ್ಟರ್ ಜನರೇಟರು. ಅದು ಎಂಜಿನ್ನಿನಿಂದ ಹುಟ್ಟಿದ ಪರ್ಯಾಯ ವಿದ್ಯುತ್ತನ್ನು ಮೊದಲು ನೇರ ವಿದ್ಯುತ್ತಾಗಿಸಿ, ಅನಂತರ ಸೆಕೆಂಡಿಗೆ 50 ಅಲೆಗಳಂತೆ ಮತ್ತೆ ಹೊಸದಾಗಿ ರೂಪಿಸುತ್ತದೆ. ಒರಟು ನೂಲನ್ನು ಬಿಚ್ಚಿ ಹದವಾಗಿ ಮತ್ತೆ ನೇಯ್ದಂತೆ. ಆಗ ಆವೃತ್ತಿಯು ಎಂಜಿನ್ನಿನ ವೇಗವನ್ನು ಅವಲಂಬಿಸುವುದಿಲ್ಲ. ಹೊರೆ ಕಡಿಮೆಯಿದ್ದಾಗ ಎಂಜಿನ್ನು ನಿಧಾನವಾಗಿ ಓಡಬಹುದು. ಸದ್ದೂ ಕಡಿಮೆ, ಪೆಟ್ರೋಲೂ ಉಳಿತಾಯ. ಬೆಲೆ ಮಾತ್ರ ಹೆಚ್ಚು.

ಹಳೆಯ ಬಗೆಯದೇ ಇದ್ದವರು ಕೈಚೆಲ್ಲಿ ಕೂರಬೇಕಾಗಿಲ್ಲ. ಎಂಜಿನ್ನನ್ನು ಹೊರೆಯಿಲ್ಲದೆ ಚಾಲೂ ಮಾಡಿ, ಕೆಲವು ಮಿನಿಟು ಓಡಲು ಬಿಟ್ಟು, ಅದರ ಸದ್ದು ಒಂದೇ ಸಮನಾದ ಮೇಲೆ ಉಪಕರಣಗಳನ್ನು ಒಂದೊಂದಾಗಿ ಜೋಡಿಸಬೇಕು. ಮೋಟಾರು ಹೊರಡುವಾಗ ತನ್ನ ಸಾಮಾನ್ಯ ಪ್ರವಾಹಕ್ಕಿಂತ ಐದಾರು ಪಟ್ಟು ಎಳೆಯಬಲ್ಲದಾದ್ದರಿಂದ ಪಂಪಿನೊಡನೆ ಕಂಪ್ಯೂಟರನ್ನು ಹಾಕಲಾಗದು. ಎಲ್ಲಕ್ಕಿಂತ ಸುಲಭವಾದ ಉಪಾಯ ಬ್ಯಾಟರಿಯನ್ನು ನಡುವೆ ಇಡುವುದು. ಜನರೇಟರು ಬ್ಯಾಟರಿಯನ್ನು ತುಂಬಲಿ. ಕಂಪ್ಯೂಟರು ಆ ಬ್ಯಾಟರಿಯಿಂದ ನಡೆಯಲಿ. ಇಂಧನವು ಪೂರ್ತಿ ಮುಗಿದು ಎಂಜಿನ್ನು ಮುಗ್ಗರಿಸಿ ನಿಲ್ಲಲು ಬಿಡಬಾರದು. ಹಾಗೆಂದು ಬಿಸಿಯಾಗಿ ಓಡುತ್ತಿರುವಾಗಲೇ ಪೆಟ್ರೋಲು ಸುರಿಯುವುದು ಬೆಂಕಿಯನ್ನು ಕರೆದಂತೆ.

ಇಷ್ಟೆಲ್ಲ ಯಂತ್ರದ ಮಾತಾಯಿತು. ಜೀವದ ಮಾತು ಬೇರೆಯಿದೆ. ಮಳೆ ನೀರು ತಾಗದಿರಲೆಂದು ಜನರೇಟರನ್ನು ಪಡಸಾಲೆಯಲ್ಲಿಟ್ಟು ಬಾಗಿಲು ಹಾಕಿಕೊಳ್ಳುವವರಿದ್ದಾರೆ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಮತ್ತೆ ಏಳದೆಹೋಗಬಹುದು. ಅದರ ಜಾಗ ಮನೆಯ ಹೊರಗೆ, ಕಿಟಕಿ ಬಾಗಿಲುಗಳಿಂದ ದೂರದಲ್ಲಿ, ನಾಲ್ಕು ಕಡೆಯೂ ಗಾಳಿಯಾಡುವ ಮಾಡಿನ ಕೆಳಗೆ.

ಇನ್ನೂ ಕೆಲವರು ಜನರೇಟರಿನ ತಂತಿಯನ್ನು ಗೋಡೆಯ ಸಾಕೆಟ್ಟಿಗೇ ಸಿಕ್ಕಿಸಿ ಮನೆಯ ದೀಪಗಳನ್ನೆಲ್ಲ ಹೊತ್ತಿಸುತ್ತಾರೆ. ಹೀಗೆ ಮಾಡಿದಾಗ ವಿದ್ಯುತ್ತು ಮನೆಯಲ್ಲೇ ನಿಲ್ಲದೆ ಹೊರಗಿನ ತಂತಿಗಳಿಗೂ ಹರಿಯಬಹುದು. 11,000 ವೋಲ್ಟನ್ನು ತಗ್ಗಿಸಿ ಊರಿಗೆ ಕೊಡುವ ಟ್ರಾನ್ಸ್‌ಫಾರ್ಮರು ಹಿಮ್ಮುಖವಾಗಿಯೂ ಕೆಲಸಮಾಡಿ, ಬಂದ ವಿದ್ಯುತ್ತನ್ನು ಮಾರಕ ಒತ್ತಡಕ್ಕೆ ಏರಿಸಬಲ್ಲದು. ಅದೇ ಹೊತ್ತಿನಲ್ಲಿ ಮುರಿದ ಕೊಂಬೆಯನ್ನು ಬಿಡಿಸಲು ಕಂಬವನ್ನೇರಿದ ಲೈನ್‌ಮನ್, ತಂತಿ ಸತ್ತಿದೆಯೆಂದು ನಂಬಿ ಕೈಯಿಟ್ಟಿರುತ್ತಾನೆ. ಮನೆಗೆ ಜನರೇಟರನ್ನು ಜೋಡಿಸಬೇಕಾದರೆ ಎರಡು ಮೂಲಗಳೂ ಎಂದಿಗೂ ಕೂಡದಂತೆ ತಡೆಯುವ ಚೇಂಜ್ ಓವರ್ ಸ್ವಿಚ್ಚನ್ನು ತಿಳಿದವರಿಂದಲೇ ಹಾಕಿಸಬೇಕು.

ಹೊರಗಿನ ವಿದ್ಯುತ್ತು ಮರಳಿ ಬಂದಾಗ ಮೊದಲು ಕಂಪ್ಯೂಟರನ್ನು ನಿಲ್ಲಿಸಿ, ಉಳಿದ ಉಪಕರಣಗಳನ್ನು ಆರಿಸಿ, ಆಮೇಲೆ ಸ್ವಿಚ್ಚನ್ನು ತಿರುಗಿಸುವುದು ಕ್ರಮ. ಹೊರೆ ಇಳಿದ ಎಂಜಿನ್ನು ಎರಡು ಮಿನಿಟು ಹಾಗೆಯೇ ಓಡಿ ತಣಿದ ಬಳಿಕ ಅದನ್ನೂ ನಿಲ್ಲಿಸಬಹುದು.